ಹುಚ್ಚಮ್ಮನಿಗೆ ಹಾಕಿದ ಎಲೆ

೧೨ ಜನವರಿ ೧೯೩೭, ಮಂಗಳವಾರ

ಪಾತ್ರೆ ತೊಳೆಸಿ, ಆಳುಗಳಿಗೆ ಗಂಜಿ ಕೊಟ್ಟೆ. ತೋಟದ ಲೆಕ್ಕ ಬರೆಯುವ ರೈಟರ್ ಕ್ವಾರ್ಟರ್ಸಿನ ಎರಡು ಕೋಣೆಯೇ ಈಗ ಮನೆ. ಬಂಗಲೆ ಸುಟ್ಟು ಇವತ್ತಿಗೆ ನಾಲ್ಕನೇ ದಿನ. ಸೀಗೆಕಾಯಿ ಹಾಕಿ ಉಜ್ಜಿದರೂ ಕೂದಲಿನ ಹೊಗೆ ವಾಸನೆ ಹೋಗಲಿಲ್ಲ.

ಅಕಾಲ ಮಳೆಗೆ ಹಣ್ಣಿನ ಸಿಪ್ಪೆ ಸುಲಿದು ತೊಳೆದಿಟ್ಟ ಪಾರ್ಚ್‌ಮೆಂಟ್ ಕಾಫಿ ನೆನೆದಿತ್ತು. ಯಜಮಾನರು ಅಟ್ಟದಲ್ಲಿ ಹರವಿಸಿ, ಒಣಗಲೆಂದು ಕೆಂಡದ ಅಗ್ಗಿಷ್ಟಿಕೆ ಇಡಿಸಿದರು. ಈ ಕಡೆ ಎಲ್ಲರೂ ಮಾಡುವುದೇ. ಕೆಂಡ ಕಾಯಲು ಹುಚ್ಚಮ್ಮ ಅಲ್ಲೇ ಮಲಗಿದಳು. ನನ್ನನ್ನು ಎತ್ತಿ ಆಡಿಸಿದವಳು, ಮದುವೆಯಾದಾಗ ತವರಿನಿಂದ ನನ್ನ ಜೊತೆ ಬಂದವಳು... ಬೆಂಕಿ ಆರಿದ ಮೇಲೆ ಸಿಕ್ಕಿದ್ದನ್ನು ಮೇಸ್ತ್ರಿ ಕೆಂಚಯ್ಯ ಹಳ್ಳದಾಚೆ ಮಣ್ಣು ಮಾಡಿದ. ನನಗೆ ತೋರಿಸಲಿಲ್ಲ.

೧೪, ಸಂಕ್ರಾಂತಿ

ಎಳ್ಳು ಬೀರಲಿಲ್ಲ. ಯಜಮಾನರು ಇನ್ಶೂರೆನ್ಸ್ ಕಾಗದ ಹಿಡಿದು ಕೂತಿದ್ದರು. ಅಟ್ಟದಲ್ಲಿ ಬೆಂಕಿ ಇಟ್ಟಿದ್ದು ಗೊತ್ತಾದರೆ ಕಂಪನಿ ಚಿಕ್ಕಾಸೂ ಕೊಡುವುದಿಲ್ಲವಂತೆ. ಮನೆ ಮತ್ತೆ ಏಳುವುದಿಲ್ಲ. ಹುಚ್ಚಮ್ಮ ಸತ್ತಳೆಂದರೆ ಅಟ್ಟದಲ್ಲಿ ಯಾಕೆ ಮಲಗಿದ್ದಳೆಂದು ಕೇಳುತ್ತಾರೆ.

"ದೀಪ ಉರುಳಿ ಹತ್ತಿಕೊಳ್ತು ಅಂತ ಬರ್ದಿದೀನಿ. ಹುಚ್ಚಮ್ಮ ಹಬ್ಬಕ್ಕೆ ಅಂತ ಊರಿಗೆ ಹೋಗಿದಾಳೆ. ಆಯ್ತಾ ಭಾಗೂ?"

"ಊರಲ್ಲಿ ಅವಳಿಗೆ ಯಾರಿದಾರೆ?"

"ಅದಕ್ಕೇ. ಯಾರೂ ಕೇಳಕ್ಕೆ ಬರಲ್ಲ."

ಮೈ ಉರಿದುಹೋಯಿತು. ಆದರೆ ಅವರ ಎರಡೂ ಕೈ ತುಂಬ ಬೊಬ್ಬೆ — ಅವಳನ್ನು ಎಳೆದು ತರಲು ಏಣಿ ಹತ್ತಿದ್ದೂ ಅವರೇ. ಬೊಬ್ಬೆಗೆ ಬೆಣ್ಣೆ ಹಚ್ಚಿದೆ.

೧೭, ಮಧ್ಯಾಹ್ನ

ಊಟಕ್ಕೆ ಕೂತಿದ್ದೆ. ಹಿತ್ತಿಲ ಬಾಗಿಲಾಚೆ ಕೆಮ್ಮು. ಹುಚ್ಚಮ್ಮನದೇ. ಎದ್ದು ನೋಡಿದರೆ ಯಾರೂ ಇಲ್ಲ. ಎಲೆ ಮಡಚಿಬಿಟ್ಟೆ.

ತಾನಾಗಿ ಉಣ್ಣಲು ಬಂದವಳೇ ಅಲ್ಲ. 'ಹುಚ್ಚಮ್ಮಾ, ಉಣ್ಣು ಬಾ' ಎಂದು ನಾನು ಕರೆಯಬೇಕು. ಅಲ್ಲಿಯವರೆಗೆ ಬಾಗಿಲಾಚೆಯೇ. ಸತ್ತವರೂ ಹಾಗೆಯೇ ಅಂತ ಅವಳೇ ಹೇಳುತ್ತಿದ್ದಳು. ಹನ್ನೊಂದನೇ ದಿನ ಎಡೆಯಿಟ್ಟು ಹೆಸರು ಹಿಡಿದು ಕರೆಯದಿದ್ದರೆ ಹಸಿದೇ ಸುತ್ತುತ್ತಾರಂತೆ.

ಎಡೆ ಇಡುತ್ತೇನೆ ಎಂದು ಯಜಮಾನರಿಗೆ ಹೇಳಿದೆ.

"ಇನ್ಶೂರೆನ್ಸ್ ಇನ್‌ಸ್ಪೆಕ್ಟರ್ ಬಂದು ಹೋಗ್ಲಿ. ಆಮೇಲೆ ಹತ್ತು ಎಡೆ ಇಡು ಮಾರಾಯ್ತಿ."

೧೯, ಸಂಜೆ

ಇವತ್ತೇ ಹನ್ನೊಂದನೇ ದಿನ. ಇನ್‌ಸ್ಪೆಕ್ಟರ್ ಬಂದಿದ್ದೂ ಇವತ್ತೇ. ಅವರನ್ನು ಯಜಮಾನರು ಬಂಗಲೆಯ ಬೂದಿ ತೋರಿಸಲು ಕರೆದೊಯ್ದರು. ಬರುವಷ್ಟರಲ್ಲಿ ಮುಗಿಸೋಣ ಎಂದುಕೊಂಡೆ. ಬಾಳೆ ಎಲೆ, ಅಕ್ಕಿ ರೊಟ್ಟಿ, ಅವಳಿಗಿಷ್ಟವಾದ ಹುರುಳಿ ಸಾರು. ಕೈ ಮುಗಿದು ಬಾಯಿ ತೆರೆದೆ — ಬಾಗಿಲಲ್ಲಿ ಇಬ್ಬರೂ ನಿಂತಿದ್ದಾರೆ.

"ಯಾರಿಗಮ್ಮಾ ಈ ಎಡೆ?" ಇನ್‌ಸ್ಪೆಕ್ಟರ್ ಕೇಳಿದರು.

ಯಜಮಾನರೇ ಉತ್ತರ ಕೊಟ್ಟರು. "ನಮ್ಮವ್ವಂಗೆ. ಜವರಮ್ಮ ಅಂತ. ವರ್ಷಾ ವರ್ಷಾ ಇಡ್ತೀವಿ."

ಇನ್‌ಸ್ಪೆಕ್ಟರ್ ಬೂಟು ಬಿಚ್ಚಿದರು. ಟೋಪಿ ತೆಗೆದರು. "ನಮ್ಮನೇಲೂ ಇದೆ. ಹೆಸರು ಹಿಡಿದು ಕರೀಬೇಕು. ಕರೀರಿ, ನಾನು ಕಾಯ್ತೀನಿ."

ಯಜಮಾನರ ಮುಖ ನೋಡಿದೆ. ಅವರು ಸುಟ್ಟ ಕೈ ಮುಗಿದರು.

"ಜವರಮ್ಮತ್ತೇ, ಉಣ್ಣಕ್ಕೆ ಬನ್ನಿ" ಎಂದೆ.

ಇನ್‌ಸ್ಪೆಕ್ಟರ್ ಕಾಫಿ ಕುಡಿದು, ಕ್ಲೇಮಿಗೆ ಸಹಿ ಹಾಕಿ ಹೋದರು. ಮನೆ ಏಳುತ್ತದೆ. ಯಜಮಾನರು ಹೊರಗೆ ಕೂತು ಅಳುತ್ತಿದ್ದಾರೆ. ಎಲೆ ಇಟ್ಟಲ್ಲೇ ಇದೆ, ಸಾರು ಆರಿದೆ. ಒಂದು ಕಾಗೆಯೂ ಇತ್ತ ಸುಳಿದಿಲ್ಲ.

ಮತ್ತೆ ಕೆಮ್ಮು. ಬಾಗಿಲಾಚೆಯೇ... ಅವಳ ಎಲೆಗೆ ನಾನು ಅತ್ತೆಯನ್ನು ಕರೆದದ್ದನ್ನು ಅವಳು ಇಲ್ಲೇ ನಿಂತು ಕೇಳಿಸಿಕೊಂಡಳು. ಇನ್ನು ಯಾವ ಬಾಯಲ್ಲಿ ಅವಳನ್ನು ಉಣ್ಣು ಬಾ ಎಂದು ಕರೆಯಲಿ?