ಹತ್ತುವಾಗ ನೀನು, ಇಳಿಯುವಾಗ ನಾನು

ಪ್ರೀತಿಯ ಲಿಫ್ಟು,

ಇದನ್ನು ನಿನಗೆ ಓದಿ ಹೇಳುತ್ತಿರುವವರು ಅತ್ತಿಗೆ ಎಂದು ಗೊತ್ತು. ಆದ್ದರಿಂದ ಮೊದಲ ನಮಸ್ಕಾರ ಅವರಿಗೆ. ಅತ್ತಿಗೆ, ದಯವಿಟ್ಟು ಎಲ್ಲಿಯೂ ಸಾಲು ಹಾರಿಸಬೇಡಿ. ಲಿಫ್ಟು ರಿಪೇರಿ ಮಾಡುತ್ತ ಆ ಹೆಸರನ್ನೇ ಅಂಟಿಸಿಕೊಂಡು, ಬಾಗಿಲಿಗೆ ಕಿವಿಯಿಟ್ಟು ಮೋಟಾರಿನ ಆಯಸ್ಸು ಹೇಳುತ್ತಿದ್ದ ಮನುಷ್ಯ ಇವನು. ನಿಮ್ಮ ದನಿ ಒಂದು ಸಾಲು ಜಿಗಿದರೂ ಹಿಡಿದುಬಿಡುತ್ತಾನೆ.

ನಮ್ಮ ಗಾಡಿ ಚೆನ್ನಾಗಿದೆ. ನೀನು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ. ಕಣ್ಣು ಪೂರ್ತಿ ಹೋದ ಮೇಲೆ ನೀನು ನನ್ನ ಟೈರಿನ ಅಂಗಡಿಯ ಕಡೆ ಬಂದಿಲ್ಲ, ಗಾಡಿಯ ಮಾತೂ ಎತ್ತಿಲ್ಲ. ಇಬ್ಬರೇ ಕೂರಬಹುದಾದ ಆ ಹಳೆಯ ಸ್ಪೋರ್ಟ್ಸ್ ಕಾರನ್ನು ನಾವು ಪಾಲಿನಲ್ಲಿ ಕೊಂಡು ತಂದ ದಿನ ನೆನಪಿದೆಯೇ? ಅತ್ತಿಗೆ ಅದರ ಸುತ್ತ ಒಂದು ಸಲ ನಡೆದು, "ಇದ್ರಲ್ಲಿ ಹೆಂಡ್ತಿ ಮಕ್ಕಳು ಎಲ್ಲಿ ಕೂರ್ಬೇಕು?" ಎಂದರು. "ಅವರು ಹಿಂದೆ ಬಸ್ಸಲ್ಲಿ ಬರ್ತಾರೆ" ಎಂದುಬಿಟ್ಟೆ ನೀನು. ಆ ವಾರವಿಡೀ ನೀನು ನನ್ನ ಮನೆಯಲ್ಲೇ ಊಟ ಮಾಡಿದೆ.

ಭಾನುವಾರದ ಗುಂಪು ಈಗಲೂ ಬೆಳಿಗ್ಗೆ ಪೆಟ್ರೋಲ್ ಬಂಕಿನ ಹಿಂದೆ ಸೇರುತ್ತದೆ. ಎಲ್ಲರದೂ ನಮ್ಮದೇ ಜಾತಿಯ ಎಂಜಿನ್ನು: ನಿಧಾನ ಸುತ್ತುವಾಗ ಮಧ್ಯಾಹ್ನದ ಗುಮಾಸ್ತನಂತೆ ಆಕಳಿಸುತ್ತದೆ, ನಿಮಿಷಕ್ಕೆ ಆರು ಸಾವಿರ ಸುತ್ತು ದಾಟಿದ ಮೇಲೆ ಬೇರೆಯೇ ಪ್ರಾಣಿಯಾಗುತ್ತದೆ. ಎಂಜಿನ್ನು ಒಂದೇ ಆದರೂ ಸುಖ ಒಂದೇ ಅಲ್ಲ. ನನಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಟೈರು ನೋಡಿದರೆ ಸಾಕು. ಬೇಕರಿಯವನ ಮುಂದಿನ ಟೈರುಗಳ ಹೊರಅಂಚು ಇಲಿ ಕಡಿದಂತೆ ಸವೆದಿರುತ್ತದೆ. ಅವನಿಗೆ ನೇರ ರಸ್ತೆ ಎಂದರೆ ಎರಡು ತಿರುವುಗಳ ನಡುವಿನ ಬೇಸರ. ನಿವೃತ್ತ ಜಡ್ಜ್ ಸಾಹೇಬರ ಟೈರು ಅವರ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಮೇಲುಹೊದಿಕೆ ತೆಗೆದು, ಗಾಳಿಗೆ ಮುಖಕೊಟ್ಟು, ಸ್ಕೂಟರಿನವರಿಗೆಲ್ಲ ದಾರಿ ಬಿಡುತ್ತ ಹೋಗುತ್ತಾರೆ. ಅಷ್ಟು ದೊಡ್ಡ ಎಂಜಿನ್ನು ಯಾಕೆ ಸಾರ್ ಎಂದು ಕೇಳಿದ್ದಕ್ಕೆ, "ಕೋಪ ಒಳಗಿರ್ಬೇಕಪ್ಪ, ತೋರಿಸ್ಬಾರ್ದು" ಎಂದರು. ಹಲ್ಲಿನ ಡಾಕ್ಟರಮ್ಮನ ಸುಖ ಸುರಂಗದಲ್ಲಿ ಮಾತ್ರ. ಗಾಜು ಇಳಿಸಿ, ಎರಡನೇ ಗೇರಿನಲ್ಲಿ, ಮುಳ್ಳು ಅಪಾಯದ ಕೆಂಪು ಗೆರೆ ಮುಟ್ಟುವವರೆಗೆ ಒಂದೇ ಒಂದು ಸಲ ಕಿರುಚಿಸಿ, ಆಮೇಲೆ ಸಾಧುವಾಗಿ ಮನೆಗೆ ಹೋಗುತ್ತಾರೆ. ವಾರವೆಲ್ಲ ಸಣ್ಣ ಮೋಟಾರಿನ ಕಿರುಚಾಟ ಕೇಳುವವರು, ವಾರಕ್ಕೊಮ್ಮೆ ದೊಡ್ಡದು ಕಿರುಚಲಿ ಎನ್ನುತ್ತಾರೆ.

ನಮ್ಮದು ಇವರಾರ ಹಾಗೂ ಅಲ್ಲ. ನಾವು ಒಂದು ಸುಖವನ್ನು ಇಬ್ಬರು ಹಂಚಿಕೊಂಡವರು. ಗುಡ್ಡ ಹತ್ತುವಾಗ ನೀನು, ಇಳಿಯುವಾಗ ನಾನು. ನೀನು ಹತ್ತಿಸುವಾಗ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳಿನ ಕಡೆ ಒಮ್ಮೆಯೂ ನೋಡಿದವನಲ್ಲ. ತಕ್ಕಡಿ ಮುಂದಿನ ವ್ಯಾಪಾರಿಯ ಹಾಗೆ ನಾನೇ ಅದನ್ನು ನೋಡುತ್ತ ಪಕ್ಕದಲ್ಲಿ ಬೆವರುತ್ತಿದ್ದೆ. ಇನ್ನೇನು ಎಂಜಿನ್ನು ಒಡೆದೇಹೋಯಿತು ಎಂದು ನಾನು ಕಣ್ಣು ಮುಚ್ಚುವ ಹೊತ್ತಿಗೆ, ನಿನ್ನ ಕೈ ಅವಸರವಿಲ್ಲದೆ ಗೇರು ಬದಲಿಸುತ್ತಿತ್ತು. ಹಾಡುವವರು ಸರಿಯಾದ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಾರಲ್ಲ, ಹಾಗೆ. ಇಳಿಯುವಾಗ ನಾನು ಬ್ರೇಕಿಗೆ ಕಾಲು ತಾಗಿಸದೆ, ಎಂಜಿನ್ನಿನ ಹಿಡಿತದಲ್ಲೇ ಗಾಡಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಇಳಿಸುತ್ತಿದ್ದೆ. ನೀನು ನಿದ್ದೆ ಹೋಗುತ್ತಿದ್ದೆ. ನನ್ನ ಡ್ರೈವಿಂಗಿಗೆ ಸಿಕ್ಕ ಒಂದೇ ಸರ್ಟಿಫಿಕೇಟು ಆ ಗೊರಕೆ.

ಈಗ ಎರಡೂ ನಾನೇ ಮಾಡಬೇಕು. ಇಳಿಯುವುದು ಹೇಗೋ ಆಗುತ್ತದೆ. ಹತ್ತುವುದು ಮಾತ್ರ ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ. ಗುಡ್ಡದ ಶಬ್ದವನ್ನು ಫೋನಿನಲ್ಲಿ ಹಿಡಿದು ನಿನಗೆ ಕಳಿಸಿದರೆ ಖುಷಿಯಾಗುತ್ತದೆ ಎಂದುಕೊಂಡೆ. ನೀನು ಉತ್ತರವಾಗಿ ಕಳಿಸಿದ್ದು ಇಷ್ಟೇ: "ಮೂರನೇ ಗೇರು ಬೇಗ ಹಾಕಿದೀಯ. ಇನ್ಮೇಲೆ ಕಳಿಸ್ಬೇಡ. ಗಾಡಿ ಮಾರ್ಬಿಡು." ಹಸಿದವನಿಗೆ ಅಡುಗೆಮನೆಯ ವಾಸನೆ ಕಟ್ಟಿ ಕಳಿಸಿದಂತಾಯಿತು ಎಂದು ಆಮೇಲೆ ಹೊಳೆಯಿತು.

ಕೊಳ್ಳುವವರೂ ಸಿಕ್ಕಿದ್ದಾರೆ. ಕಟ್ಟಡದ ಕಂಟ್ರಾಕ್ಟರು. ಹೊಸ ಆಫೀಸಿನ ಮುಂಬಾಗಿಲಲ್ಲಿ, ಗಾಜಿನ ಕೋಣೆಯೊಳಗೆ, ದೀಪ ಹಾಕಿ ನಿಲ್ಲಿಸುತ್ತಾರಂತೆ. ಓಡಿಸುವುದಿಲ್ಲವೇ ಎಂದೆ. "ಓಡ್ಸಿದ್ರೆ ಹಾಳಾಗಲ್ವೇನ್ರಿ?" ಎಂದರು. ಹೀಗೂ ಒಂದು ಸುಖವಿದೆ, ಇಲ್ಲವೆನ್ನುವುದಿಲ್ಲ. ಸೋಮವಾರ ಉತ್ತರ ಹೇಳುತ್ತೇನೆ ಎಂದು ಕಳಿಸಿದ್ದೇನೆ. ನಿನ್ನ ಪಾಲೂ ಅದರಲ್ಲಿದೆ, ನೀನು ಮತ್ತೊಮ್ಮೆ "ಮಾರು" ಎಂದರೆ ಮಾರುತ್ತೇನೆ. ಆದರೆ ಫೋನಿನಲ್ಲಿ ಅಲ್ಲ. ಗಾಡಿಯೊಳಗೆ ಕೂತು ಹೇಳು.

ಅತ್ತಿಗೆ, ಈಗ ಬರುವ ಸಾಲನ್ನು ನೀವು ನುಂಗಲು ನೋಡುತ್ತೀರಿ. ನುಂಗಬೇಡಿ, ಓದಿ.

ಭಾನುವಾರ ಬೆಳಿಗ್ಗೆ ಗುಡ್ಡದ ಕಡೆಯ ಕಿಟಕಿ ತೆಗೆಯಲು ನೀನು ಹೇಳುತ್ತೀಯಂತೆ. ನನ್ನ ಗಾಡಿ ಹತ್ತುವವರೆಗೂ ಕಾಫಿ ಮುಟ್ಟುವುದಿಲ್ಲವಂತೆ. ಎರಡನೇ ತಿರುವಿನಲ್ಲಿ ನಾನು ಗೇರು ಬದಲಿಸಿದ ಕೂಡಲೇ "ಹಾಳಾದವನು, ಮತ್ತೆ ಬೇಗ ಹಾಕ್ದ" ಎಂದು ಬೈದು, ಕಿಟಕಿ ಮುಚ್ಚಿಸಿ, ಮಧ್ಯಾಹ್ನದವರೆಗೆ ಯಾರೊಂದಿಗೂ ಮಾತಾಡುವುದಿಲ್ಲವಂತೆ. ಇದನ್ನು ನನಗೆ ಹೇಳಿದವರು ಅತ್ತಿಗೆಯೇ. ಅವರ ಮೇಲೆ ರೇಗಬೇಡ. ರೇಗುವುದಿದ್ದರೆ ನಾನಿದ್ದೇನೆ.

ಲಿಫ್ಟು, ನಿನಗೆ ಕರುಣೆ ತೋರಿಸಲು ನಾನು ಬರೆಯುತ್ತಿಲ್ಲ. ನನ್ನಂಥ ಲೆಕ್ಕದ ಮನುಷ್ಯನಿಗೆ ಕರುಣೆ ಗಿಟ್ಟುವುದಿಲ್ಲ. ನನಗೆ ನೀನು ಬೇಕಾಗಿದ್ದೀಯ. ಪಕ್ಕದ ಸೀಟು ಖಾಲಿ ಇದ್ದರೆ ಆ ಗುಡ್ಡ ನನಗೆ ಬರೀ ಏರು. ಆರು ಸಾವಿರದ ಮೇಲೆ ಎಂಜಿನ್ನು ಬಾಯಿಬಿಟ್ಟಾಗ, "ಸಾಕು ಮಾರಾಯ" ಎಂದು ನಾನು ಬೇಡಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ.

ಅದಕ್ಕೇ ಒಂದು ಪ್ರಯೋಗ ಮಾಡಿದೆ. ನಾಲ್ಕು ಜನರಿಗೆ ಗೊತ್ತಾದರೆ ನನ್ನನ್ನು ಕಟ್ಟಿಹಾಕುತ್ತಾರೆ. ಬೇಕರಿಯವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ನನ್ನ ಗೋದಾಮಿನ ಹಿಂದಿನ ಖಾಲಿ ಮೈದಾನಕ್ಕೆ ಹೋದೆ. ಸ್ಟೀರಿಂಗ್, ಕ್ಲಚ್ಚು, ಆಕ್ಸಿಲರೇಟರ್ ನನ್ನವು. ಗೇರಿನ ಹಿಡಿ ಅವನ ಕೈಯಲ್ಲಿ. ಅವನ ಕೈ ಅಲುಗಿದಾಗ ನಾನು ಕ್ಲಚ್ಚು ಒತ್ತಬೇಕು, ಅಷ್ಟೇ. ಗೇರುಪೆಟ್ಟಿಗೆ ಹಲ್ಲು ಕಡಿದ ಶಬ್ದಕ್ಕೆ ಪಕ್ಕದ ಕಟ್ಟಡದವರು ಹೊರಗೆ ಬಂದರು. ಅವನು ಹಿಡಿ ಬಿಟ್ಟು, "ಅಣ್ಣಾ, ಇದು ಯಾರ್ ಯಾರೋ ಕೂತು ಮಾಡೋ ಕೆಲ್ಸ ಅಲ್ಲ" ಎಂದ. ಸರಿಯಾಗಿಯೇ ಹೇಳಿದ. ಅವನ ಕೈ ಯಾವಾಗ ಅಲುಗುತ್ತದೆಂದು ನನಗೆ ತಿಳಿಯಲಿಲ್ಲ. ನಿನ್ನದು ತಿಳಿಯುತ್ತದೆ. ಎಷ್ಟು ಭಾನುವಾರ ಅದನ್ನೇ ನೋಡುತ್ತ ಹೆದರಿದ್ದೇನೆ!

ಈ ಭಾನುವಾರ ನಿಮ್ಮ ಗೇಟಿನ ಮುಂದೆ ಬರುತ್ತೇನೆ. ಮೊದಲು ಮೈದಾನದಲ್ಲಿ ಸುತ್ತೋಣ, ಒಗ್ಗಿದರೆ ಗುಡ್ಡ. ಒಗ್ಗದಿದ್ದರೆ ಇಬ್ಬರೂ ನಗುತ್ತ ಬಸ್ಸಿನಲ್ಲಿ ವಾಪಸ್ಸು ಬರೋಣ. ದಾರಿ ನಾನು ನೋಡಿಕೊಳ್ಳುತ್ತೇನೆ. ಗೇರಿನ ಹಿಡಿ ನಿನ್ನ ಕೈಗೆ; ಯಾವಾಗ ಎಂಬುದನ್ನು ನೀನು ನೋಡಿಕೊ. ನಿನ್ನ ಕೈ ಎಷ್ಟು ತಡ ಮಾಡಿದರೂ ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ನಿನ್ನ ಕಿವಿ ನೂರು ಕಾಲ ಚುರುಕಾಗಿರಲಿ. ಅತ್ತಿಗೆಯ ಗಂಟಲು ತಂಪಾಗಿರಲಿ.

ಕಾಲು ಕ್ಲಚ್ಚಿನ ಮೇಲಿಟ್ಟುಕೊಂಡು ಕಾಯುತ್ತಿರುವ,
ನಿನ್ನ ಟೈರು