ನಿಮ್ಮ ಕೈಪಿಡಿಯ ಆರನೇ ಸ್ಥಳ ನನ್ನ ತಂಗಿ ಸತ್ತ ಮೆಟ್ಟಿಲು

ಮಾನ್ಯ ಪ್ರವಾಸೋದ್ಯಮ ನಿರ್ದೇಶಕರೇ,

ನನ್ನ ತಂಗಿಯನ್ನು ಅವಳ ಗಂಡ ಹೊಡೆದು ಕೊಂದ ಮೆಟ್ಟಿಲನ್ನು ತಾವು ನೋಡಲೇಬೇಕಾದ ಸ್ಥಳಗಳ ಪಟ್ಟಿಗೆ ಸೇರಿಸಿದ್ದೀರಿ. 'ಕರಾವಳಿಯಲ್ಲಿ ಮೂರು ದಿನ' ಎಂಬ ನಿಮ್ಮ ಕೈಪಿಡಿಯಲ್ಲಿ ಅದು ಆರನೆಯದು. ಐದನೆಯದು ದೀಪಸ್ತಂಭ, ಏಳನೆಯದು ಐಸ್‌ಕ್ರೀಮ್ ಅಂಗಡಿಗಳ ಬೀದಿ. 'ಪ್ರೇಮಿಯ ಮೆಟ್ಟಿಲು' ಎಂದು ಹೆಸರನ್ನೂ ಇಟ್ಟಿದ್ದೀರಿ. ನಮ್ಮದು ಪುಟ್ಟ ರಾಜ್ಯ, ಬಂದವರಿಗೆ ತೋರಿಸಲು ಹೆಚ್ಚೇನೂ ಇಲ್ಲ ಎಂಬ ತಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಮನೆ ಖಾಲಿ ಬಿದ್ದಿಲ್ಲ ಸ್ವಾಮಿ. ತಂಗಿ ಸತ್ತ ಮೇಲೆ ಅವಳ ಮಗಳನ್ನು ನೋಡಿಕೊಳ್ಳಲೆಂದು ನಾನು ಅಲ್ಲಿಗೆ ಬಂದು ಆರು ವರ್ಷವಾಯಿತು. ನಾವಿಬ್ಬರೂ ದಿನಾ ಅದೇ ಮೆಟ್ಟಿಲು ಹತ್ತಿ ಮಲಗಲು ಹೋಗುತ್ತೇವೆ.

ದಿನಕ್ಕೆ ನಾಲ್ಕು ಸಲ ನಿಮ್ಮ ಇಲಾಖೆಯ ಗೈಡ್ ನಮ್ಮ ಬಾಗಿಲಲ್ಲಿ ನಿಂತು ಕಥೆ ಹೇಳುತ್ತಾನೆ. ದೂರದ ಯಾನ ಮುಗಿಸಿ ಬಂದ ನಾವಿಕ, ಮನೆಯೊಳಗೆ ಪರಪುರುಷ, ಒಂದೇ ಒಂದು ಚೂರಿಯ ಇರಿತ, ಗಂಡನ ತೋಳಲ್ಲಿ ಕ್ಷಮೆ ಕೇಳುತ್ತಾ ಪ್ರಾಣ ಬಿಟ್ಟ ಚೆಲುವೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ಆ 'ನಾವಿಕ' ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದ. ದಡದಲ್ಲಿ ಕೂತು ದೋಣಿಗಳ ಎಂಜಿನ್ ರಿಪೇರಿ ಮಾಡುವುದು ಅವನ ಕಸುಬು. ಚೂರಿಯೂ ಇರಲಿಲ್ಲ, ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಇತ್ತು. ಒಂದೇಟಲ್ಲ, ಹನ್ನೊಂದು. ಮೊದಲ ಏಟಿಗೇ ದವಡೆ ಮುರಿದಿತ್ತು ಎಂದು ಮರಣೋತ್ತರ ಪರೀಕ್ಷೆಯ ವರದಿ ಹೇಳುತ್ತದೆ, ಆದ್ದರಿಂದ ಅವಳು ಕ್ಷಮೆ ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಇನ್ನು ಪರಪುರುಷ ಎಂದರೆ ಬಹುಶಃ ನಾನೇ ಇರಬೇಕು, ಆ ಮನೆಗೆ ಹೋಗಿಬರುತ್ತಿದ್ದ ಇನ್ನೊಬ್ಬ ಗಂಡಸು ನಾನೊಬ್ಬನೇ. ಕೊಂದವನು ಜೈಲಿನಲ್ಲಿದ್ದಾನೆ. ನಿಮ್ಮ ಕೈಪಿಡಿ ಅಲ್ಲಿಗೂ ತಲುಪಿದ್ದರೆ ಓದಿ ಮೀಸೆ ತಿರುವುತ್ತಿರಬಹುದು.

ಈಗ ಕೈಪಿಡಿಯ ಮೂರನೇ ಸ್ಥಳಕ್ಕೆ ಬನ್ನಿ. 'ಹೆಂಚಿನ ಮಾಡಿನ ಸುಂದರ ಹಳೆಯ ಪೊಲೀಸ್ ಠಾಣೆ, ಫೋಟೋಗೆ ಹೇಳಿಮಾಡಿಸಿದ ಜಾಗ.' ನನ್ನ ತಂಗಿ ಅದನ್ನು ಮೂರು ಸಲ ನೋಡಿದ್ದಳು. ಮೊದಲ ಸಲ ಮುರಿದ ಬೆರಳು ತೋರಿಸಿದಳು. "ಸಂಸಾರ ಅಂದ್ಮೇಲೆ ಇದೆಲ್ಲ ಇದ್ದದ್ದೇ, ಮನೆಗೆ ಹೋಗಮ್ಮ" ಅಂದರು. ಎರಡನೇ ಸಲ ಸುಟ್ಟ ಕುತ್ತಿಗೆ ತೋರಿಸಲು ಹೋದಳು, ಸಾಹೇಬರು ಊಟಕ್ಕೆ ಹೋಗಿದ್ದರು. ಮೂರನೇ ಸಲ ನಾನೂ ಜೊತೆಗಿದ್ದೆ. ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು.

"ಸೀಸನ್ ಟೈಮು ಕಣಯ್ಯಾ. ಹೊರಗಿನ ಜನ ಬಂದಿದ್ದಾರೆ. ಕೇಸು ಗೀಸು ಅಂತ ಪೇಪರಲ್ಲಿ ಬಂದ್ರೆ ಊರಿನ ಹೆಸರು ಹಾಳಾಗಲ್ವಾ? ಹದಿನೈದು ದಿನ ತಡ್ಕೊಳ್ಳೋಕೆ ಹೇಳು."

ಒಂಬತ್ತನೇ ದಿನ ಅವಳು ಸತ್ತಳು. ಅಂದು ಊರಿನ ಹೆಸರು ಕೆಡಿಸುತ್ತಿದ್ದ ಸಂಗತಿ ಇಂದು ಊರಿಗೆ ಹೆಸರು ತರುವಂಥದ್ದು ಹೇಗಾಯಿತು? ಹೆಂಗಸು ಬದುಕಿದ್ದಾಗ ಕೊಟ್ಟ ದೂರು ಪ್ರವಾಸಿಗರಿಗೆ ಮುಜುಗರ, ಅವಳ ಹೆಣ ಮಾತ್ರ ಮನರಂಜನೆಯೇ?

ಕಳೆದ ಭಾನುವಾರ ಅಂಗಡಿಯಿಂದ ಮೊಟ್ಟೆ ತರುತ್ತಿದ್ದ ತಂಗಿಯ ಮಗಳನ್ನು, ಹನ್ನೊಂದು ವರ್ಷದ ಹುಡುಗಿಯನ್ನು, ನಿಮ್ಮ ಗೈಡ್ ತಡೆದು ನಿಲ್ಲಿಸಿ "ಇವಳೇ ಅವಳ ಮಗಳು" ಎಂದು ಪರಿಚಯಿಸಿದ್ದಾನೆ. ಯಾರೋ ಒಬ್ಬರು, ಮೆಟ್ಟಿಲ ಮೇಲೆ ಒಂದು ನಿಮಿಷ ಮಲಗು ಮಗೂ, ಒಂದು ಫೋಟೋ, ಎಂದಿದ್ದಾರೆ. ನಾನು ಊಟಕ್ಕೆ ಬಂದಾಗ ಅವಳು ಮೊಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡು ಮಲಗಿದ್ದಳು. ಗೈಡ್ ಕಥೆಗೆಂದು ತರುವ ಮರದ ಚೂರಿ ಎತ್ತಿ ಹಿಡಿದಿದ್ದ. ನಾನು ಅವನ ಮೂಗು ಮುರಿದೆ. ಬಿದ್ದ ಮೇಲೂ ಒದ್ದೆ, ಎರಡು ಹಲ್ಲು ಉದುರಿದವು, ಬಾಯಿ ತುಂಬ ರಕ್ತ. ನಾಲ್ಕು ಜನ ಎಳೆಯದಿದ್ದರೆ ಕೊಂದೇಬಿಡುತ್ತಿದ್ದೆ. ಹೊಡೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಹೊಡೆಯುವಾಗ ಹಿತವಾಯಿತಲ್ಲ ಎಂದು ಮಾತ್ರ ಭಯವಾಗುತ್ತದೆ. ಅದೇ ಠಾಣೆಯಲ್ಲಿ ಹತ್ತೇ ನಿಮಿಷಕ್ಕೆ ನನ್ನ ಮೇಲೆ ಕೇಸಾಯಿತು. ಈ ಸಲ ಸಾಹೇಬರು ಊಟ ಬಿಟ್ಟು ಬಂದರು.

ಜಾಮೀನಿನ ಮೇಲೆ ಮನೆಗೆ ಬಂದಾಗ ಮಗು ಕೇಳಿದ್ದಿಷ್ಟು: "ಮಾಮ, ಅಮ್ಮ ಯಾಕೆ ಕ್ಷಮಿಸಿ ಅಂತ ಕೇಳಿದ್ಲು? ಏನ್ ತಪ್ಪು ಮಾಡಿದ್ಲು?"

ಆರು ವರ್ಷ ಅವಳು ನನ್ನ ಮಾತು ನಂಬಿದ್ದಳು. ನಿಮ್ಮ ಗೈಡ್ ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ. ನಾನೆಷ್ಟು ಸಲ ಹೇಳಲಿ?

ಆರನೇ ಸ್ಥಳವನ್ನು ಇಂದೇ ಕೈಪಿಡಿಯಿಂದ ಹೊಡೆದುಹಾಕಿ. ಕೊಲೆಯನ್ನು ತೋರಿಸಿಯೇ ತೀರಬೇಕೆಂದಿದ್ದರೆ ಮೂರನೆಯದರಲ್ಲಿ ತೋರಿಸಿ, ಅದು ಶುರುವಾದದ್ದು ಅಲ್ಲೇ. ದೋಣಿಗಳ ಮೇಲೆ ಹೆಸರು ಬರೆಯುವುದು ನನ್ನ ಕೆಲಸ, ಹಾಗಾಗಿ ಠಾಣೆಯ ಗೋಡೆಗೆ ಬೇಕಾದ ಫಲಕವನ್ನು ನಾನೇ ಬರೆದು ಒಣಗಿಸಿಟ್ಟಿದ್ದೇನೆ. ಮಗು ಇನ್ನೂ ಓದಿಲ್ಲ. ಅದನ್ನು ಅಲ್ಲಿ ತೂಗುಹಾಕಲು ತಾವು ಅನುಮತಿ ಕೊಡಬೇಕು. ಒಕ್ಕಣೆ ಹೀಗಿದೆ:

'ಜೀವ ಉಳಿಸಿ ಎಂದು ಒಬ್ಬ ಹೆಂಗಸು ಇಲ್ಲಿಗೆ ಮೂರು ಸಲ ಬಂದಳು. ಅವಳು ಯಾವ ತಪ್ಪೂ ಮಾಡಿರಲಿಲ್ಲ. ಎರಡು ಸಲ ಪೊಲೀಸರು ಅವಳನ್ನು ವಾಪಸ್ ಕಳಿಸಿದರು. ಮೂರನೇ ಸಲ ಅವಳ ಅಣ್ಣ, ಸಾಹೇಬರ ಮಾತಿಗೆ ತಲೆಯಾಡಿಸಿ, ಅವಳ ಕೈಹಿಡಿದು ಗಂಡನ ಮನೆಗೆ ಬಿಟ್ಟುಬಂದ.'

ಇಂತಿ,
ಆ ಅಣ್ಣ