ಜಾಡಿಯಲ್ಲಿದ್ದ ನೀರು

ಮೊಮ್ಮಗಳಿಗೆ,

ಆಶೀರ್ವಾದದ ಮಾತು ನೀನು ಬಂದ ಮೇಲೆ.

ವಿದ್ಯಾರ್ಥಿಗಳ ವಿಶ್ವ ಪರಿಸರ ಸಮ್ಮೇಳನದಲ್ಲಿ ನೀನು ಮಾತನಾಡಿದ ಸುದ್ದಿ ಚಿತ್ರದ ಸಮೇತ ಪತ್ರಿಕೆಯಲ್ಲಿ ಬಂದಿದೆ. ಕೈಯಲ್ಲಿ ಕಡುಕೆಂಪು ನೀರಿನ ಜಾಡಿ. ‘ನನ್ನ ಅಜ್ಜಿಯ ಬಣ್ಣದ ಕಾರ್ಖಾನೆಯಿಂದ ಹೊಳೆಗೆ ಹೋಗುವ ನೀರು’ ಎಂದೆಯಂತೆ. ಮರುದಿನವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಬಂದು ಕಾರ್ಖಾನೆಗೆ ಬೀಗ ಜಡಿದ.

ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದವಳು ನಾನು. ನೂಲು ಅದ್ದಿ ತೆಗೆದ ಮೇಲೆ ಉಳಿಯುವ ಮಂಕು ನೀರಷ್ಟೇ ಚರಂಡಿಗೆ ಹೋಗುತ್ತದೆ. ನೀನು ಎತ್ತಿ ಹಿಡಿದದ್ದು ನೂಲು ಇನ್ನೂ ಮುಟ್ಟದ ತೊಟ್ಟಿಯ ಬಣ್ಣ. ಚರಂಡಿಯ ನೀರು ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ಅದನ್ನೇ ಒಯ್ದಿದ್ದರೆ ತಲೆ ತಗ್ಗಿಸುತ್ತಿದ್ದೆ. ಚಪ್ಪಾಳೆಗೆ ಅದು ಸಾಲದೆನಿಸಿತೇ ನಿನಗೆ?

ಅಧಿಕಾರಿ ಚಿತ್ರ ತೋರಿಸಿ, “ಏನಮ್ಮಾ, ಇದು ನಿಮ್ಮ ಚರಂಡಿ ನೀರೇನಾ?” ಎಂದ. ನಿಜ ಹೇಳಿದ್ದರೆ ಬೀಗ ಬೀಳುತ್ತಿರಲಿಲ್ಲವೇನೋ. ಆದರೆ ನಮ್ಮ ಮನೆಯ ಹುಡುಗಿ ಸುಳ್ಳು ಹೇಳಿದಳು ಎಂದು ಹೊರಗಿನವನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. “ನಮ್ಮದೇ” ಎಂದೆ.

ಕೆಲಸದ ಒಂಬತ್ತು ಹೆಂಗಸರು ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. “ಭೂಮಿ ಉಳಿಸೋಕೆ ಹೋಗಿ ನಮ್ಮ ಒಲೆ ಆರಿಸಿದ್ಳಲ್ಲಮ್ಮಾ ನಿಮ್ಮ ಮೊಮ್ಮಗಳು!” ಎಂದಳು ಅವರಲ್ಲಿ ಹಿರಿಯಳು. ಇದಕ್ಕೆ ಉತ್ತರ ಹೇಳಬೇಕಾದವಳು ನಾನಲ್ಲ. ಆ ಉತ್ತರ ನಿನ್ನದು.

ಬಂದ ದಿನ, ಮನೆಯೊಳಗೆ ಕಾಲಿಡುವ ಮೊದಲು, ಅವರೆದುರು ನಿಂತು ಜಾಡಿಯನ್ನು ಎಲ್ಲಿ ತುಂಬಿಸಿದೆ ಎಂದು ಹೇಳು. ಆಮೇಲೆ ಅಧಿಕಾರಿಯ ಹತ್ತಿರ ನಾನೂ ಬರುತ್ತೇನೆ. ಸುಳ್ಳು ಹೇಳಿದವರು ಈಗ ಇಬ್ಬರು.

ನಿನ್ನ ಅಜ್ಜಿ